ಮಿಕ್ಕ ಬಟ್ಟೆ

ಡಿಸೆಂಬರ್ 2

ಈ ಡೈರಿ ನನ್ನದಲ್ಲ, ನನ್ನವಳದು. ಮೂರು ವರ್ಷ ಹಳೆಯದು. ನವೆಂಬರ್ ಹತ್ತೊಂಬತ್ತರವರೆಗೆ ಗಿರಾಕಿಗಳ ಅಳತೆ ಬರೆದಿಟ್ಟಿದ್ದಾಳೆ: ಭುಜ ಹದಿನೇಳು, ಸೊಂಟ ಮೂವತ್ತೆಂಟು, ಊಟದ ಮೇಲೆ ನಲವತ್ತು. ಆಮೇಲಿನ ಹಾಳೆಗಳೆಲ್ಲ ಖಾಲಿ. ಬರೆಯುವವಳು ಹೋದಳೆಂದು ಹಾಳೆಗಳನ್ನು ದಂಡ ಮಾಡುವುದೇ? ವಾರ ತಾಳೆಯಾಗುವುದಿಲ್ಲ, ಆದರೆ ತಾರೀಖು ಯಾವ ವರ್ಷದಲ್ಲೂ ತಾರೀಖೇ. ಇಂಗ್ಲಿಷಿನಲ್ಲಿ ಇದಕ್ಕೆ ಎಕಾನಮಿ ಎನ್ನುತ್ತಾರೆ. ಈ ಬೀದಿಯವರು ಬೇರೇನೋ ಅನ್ನುತ್ತಾರೆ. ಗಿರಾಕಿಗಳ ಬಟ್ಟೆಯಲ್ಲಿ ಮಿಕ್ಕ ಚೂರನ್ನೂ ಬಿಸಾಡದೆ ಟ್ರಂಕಿಗೆ ತುಂಬುತ್ತೇನೆಂದು ನನಗೆ ಚೂರಪ್ಪ ಎಂದು ಅಡ್ಡಹೆಸರಿಟ್ಟಿದ್ದಾರೆ. ಅದು ನನಗೆ ಗೊತ್ತಿಲ್ಲವೆಂದು ಎಲ್ಲರೂ ನಂಬಿದ್ದಾರೆ.

ಬರೆಯಲು ಕೂತದ್ದು ಸಿಟ್ಟಿಗೆ. ಇವತ್ತು ಒಬ್ಬ ಗಿರಾಕಿ ಕೋಟು ವಾಪಸ್ಸು ತಂದು ಮೇಜಿನ ಮೇಲೆ ಎಸೆದ. ಕಾಜಾಗಳು ಸೊಟ್ಟ. ಗುಂಡಿ ತೂರಿಸುವ ಕಂಡಿಗೆ ಸುತ್ತಲೂ ಕೈಹೊಲಿಗೆ ಹಾಕುವುದು ನಮ್ಮ ಅಂಗಡಿಯ ಹೆಗ್ಗಳಿಕೆ. ಉಳಿದವರೆಲ್ಲ ಮಿಷನ್ನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಮ್ಮಲ್ಲಿ ಕಾಜಾ ಇದ್ದಾಳೆ. ಅವಳ ಹೆಸರೂ ಈಗ ಅದೇ ಆಗಿಹೋಗಿದೆ. ನನ್ನವಳ ಗೆಳತಿ, ಅದಕ್ಕೇ ನನ್ನನ್ನು ಭಾವ ಅನ್ನುವುದು. ಇಪ್ಪತ್ತಾರು ವರ್ಷದಿಂದ ಒಳಬಾಗಿಲ ಹಿಂದೆ ಟ್ಯೂಬ್‌ಲೈಟಿನ ಕೆಳಗೆ ಕೂತು ಸೂಜಿ ಹಿಡಿದಿದ್ದಾಳೆ.

"ಏನೇ ಇದು, ಏಳು ಕಾಜಾ ಏಳು ದಿಕ್ಕಿಗೆ ನೋಡ್ತಿದೆ?" ಎಂದೆ.

"ಗೆರೆ ಕಾಣಲ್ಲ ಭಾವ. ಕಣ್ಣು ಹೋಯ್ತು ಅನ್ಸುತ್ತೆ. ಈ ಮೂವತ್ತೊಂದಕ್ಕೆ ನಿಲ್ಲಿಸಿಬಿಡ್ತೀನಿ. ಅಣ್ಣ ಬಾ ಅಂತಿದಾನೆ."

ಇಪ್ಪತ್ತಾರು ವರ್ಷ ಕೂತವಳು, ಹಲ್ಲಿಗೆ ಸಿಕ್ಕಿದ ದಾರ ಉಗುಳುವಷ್ಟು ಸಲೀಸಾಗಿ ಹೇಳಿಬಿಟ್ಟಳು. ಇವಳು ಹೋದರೆ ಅಂಗಡಿಗೆ ಉಳಿಯುವುದು ಬೋರ್ಡು ಮತ್ತು ನಾನು. ಬೋರ್ಡಿಗೂ ಬಣ್ಣ ಹೋಗಿದೆ.

ಡಿಸೆಂಬರ್ 3

ಕಾಜಾ ಹಾಕುವುದೇನು ಬ್ರಹ್ಮವಿದ್ಯೆಯೇ ಎಂದು ನಾನೇ ಒಂದು ಹಾಕಿ ನೋಡಿದೆ. ಒಂದೂವರೆ ಗಂಟೆ. ಗುಂಡಿ ಹೋಗಲಿಲ್ಲ. ನನ್ನ ಬೆರಳು ಹೋಯಿತು, ಸೂಜಿಗೆ.

ಡಿಸೆಂಬರ್ 5

ಪಕ್ಕದ ಬೀದಿಯ ಶಾಲೆಯಿಂದ ಇಂಗ್ಲಿಷ್ ಮೇಡಂ ಬಂದಿದ್ದರು. ಇಪ್ಪತ್ನಾಲ್ಕಕ್ಕೆ ಕ್ರಿಸ್‌ಮಸ್ ನಾಟಕವಂತೆ, ಅವರೇ ಬರೆದದ್ದು. ಊರಿನ ಸೌದೆಯನ್ನೆಲ್ಲ ಕೂಡಿಟ್ಟ ಒಬ್ಬ ಸಾಹುಕಾರ. ಹೊರಗೆ ಮೈ ಕೊರೆಯುವ ಚಳಿ. ಹಬ್ಬದ ಹಿಂದಿನ ರಾತ್ರಿ ತನ್ನ ಉಗ್ರಾಣದಲ್ಲಿ ತಾನೇ ಸಿಕ್ಕಿಹಾಕಿಕೊಂಡು ನಡುಗುತ್ತಾನೆ. ಬೆಳಗ್ಗೆ ಬಾಗಿಲು ತೆಗೆದರೆ ಮನುಷ್ಯ ಬದಲಾಗಿ ಊರಿಗೆಲ್ಲ ಸೌದೆ ಹಂಚುತ್ತಾನೆ. ಊರವರ ಬಟ್ಟೆಗಳಿಗೆ ಥರಾವರಿ ತುಂಡುಗಳು ಬೇಕು, ಅದಕ್ಕೆ ನನ್ನ ಹತ್ತಿರ ಬಂದಿದ್ದು.

"ಒಂದು ರಾತ್ರಿ ಒಳಗೆ ಕೂಡಿಹಾಕಿದ್ರೆ ಮನುಷ್ಯ ಬದಲಾಗಲ್ಲ ಮೇಡಂ. ನೆಗಡಿ ಆಗುತ್ತೆ, ಅಷ್ಟೆ."

ಅವರು ನಕ್ಕರು. "ಯಜಮಾನ್ರೇ, ಕ್ರಿಸ್‌ಮಸ್ ಕಥೆಗಳಲ್ಲಿ ಜಿಪುಣ ಕೊನೇಲಿ ಬದಲಾಗಲೇಬೇಕು."

"ಎಲ್ಲದರಲ್ಲೂ?"

"ಎಲ್ಲದರಲ್ಲೂ."

ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಇದು ನನಗೆ ಹೊಸ ಸುದ್ದಿ. ನಾನೂ ಎರಡು ವರ್ಷ ಕಾಲೇಜು ಮೆಟ್ಟಿಲು ಹತ್ತಿದವನೇ. ಇಂಗ್ಲಿಷ್ ಪ್ರೊಫೆಸರು ಡಿಸೆಂಬರಿನಲ್ಲಿ ಇಂಥದೇ ಒಂದು ಕಥೆ ಪಾಠ ಮಾಡುತ್ತಿದ್ದರು. ಹೆಸರು ಮರೆತಿದ್ದೇನೆ. ಒಬ್ಬ ಮೈಸರ್, ಮೈಸರ್ ಎಂದರೆ ಜಿಪುಣ. ಎಂಥ ಶಿಸ್ತು, ಎಂಥ ಅಚ್ಚುಕಟ್ಟು! ಯಾರಿಗೂ ಏನೂ ಕೊಡುವುದಿಲ್ಲ, ಯಾವುದನ್ನೂ ಹಾಳುಮಾಡುವುದಿಲ್ಲ, ಬದುಕು ಗಟ್ಟಿಯಾಗಿದೆ. ಅರ್ಧ ಪಾಠವಾಗುವಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು, ನಾನು ಕಾಲೇಜು ಬಿಟ್ಟು ಹೊಲಿಗೆ ಮಿಷನ್ನಿಗೆ ಕೂತೆ. ಕೊನೆಯಲ್ಲಿ ಆತ ಏನಾದನೆಂದು ಯಾರೂ ಹೇಳಲಿಲ್ಲ. ನಲವತ್ತೊಂದು ವರ್ಷದಿಂದ ನನ್ನ ಲೆಕ್ಕದಲ್ಲಿ ಆ ಮನುಷ್ಯ ಸುಖವಾಗಿದ್ದಾನೆ. ಬಟ್ಟೆಗೆ ಕತ್ತರಿ ಇಡುವಾಗಲೆಲ್ಲ, ಅವನಾಗಿದ್ದರೆ ಈ ಮೂಲೆಯನ್ನೂ ಉಳಿಸುತ್ತಿದ್ದ ಎಂದುಕೊಂಡಿದ್ದೇನೆ. ಉಳಿಸಿದ್ದೇನೆ ಕೂಡ.

ಒಂದು ಟ್ರಂಕು ಕೊಡಲು ಒಪ್ಪಿದೆ. ಕೊಡುವುದಲ್ಲ, ಎರವಲು. ಆ ಟ್ರಂಕಿನ ತಳ ಹೇಗೂ ತುಕ್ಕು ಹಿಡಿದಿದೆ.

ಡಿಸೆಂಬರ್ 6

ಬದಲಾದನಂತೆ. ಅರ್ಧ ಪಾಠ ಓದಿದವನಿಗೆ ಅರ್ಧ ಮಾರ್ಕ್ಸಾದರೂ ಬರಬೇಕಿತ್ತು.

ಡಿಸೆಂಬರ್ 9

ಕಾಜಾಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವಳ ಮೇಲಿನ ಕರುಣೆಯಿಂದಲ್ಲ. ಡಾಕ್ಟರು ನಮ್ಮ ಹಳೆಯ ಗಿರಾಕಿ, ಕಾಯಿಸುವುದಿಲ್ಲ. ಅವರು ಟಾರ್ಚು ಬಿಟ್ಟು ನೋಡಿದರು, ಗೋಡೆಯ ಅಕ್ಷರಗಳನ್ನು ಓದಿಸಿದರು. ಇವಳು ಕೊನೆಯ ಸಾಲನ್ನೂ ಓದಿದ್ದಲ್ಲದೆ ಅದರಡಿಯಲ್ಲಿ ಸಣ್ಣಗೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದಳು.

"ಕಣ್ಣಿಗೆ ಏನೂ ಆಗಿಲ್ಲ," ಎಂದರು ಡಾಕ್ಟರು. "ಇದೇ ಕನ್ನಡಕ ಸಾಕು. ಕತ್ತಲಲ್ಲಿ ಕೂತು ಕೆಲಸ ಮಾಡ್ತಾರಾ ಇವರು? ಹೀಗೇ ಬಿಟ್ರೆ ಮಾತ್ರ ನಿಜವಾಗ್ಲೂ ಹೋಗುತ್ತೆ. ನಿಮ್ಮ ಅಂಗಡೀಲಿ ಕಿಟಕಿ ಇಲ್ವಾ?"

"ಇಲ್ಲ," ಎಂದೆ ನಾನು.

"ಇದೆ," ಎಂದಳು ಅವಳು. "ಒಳಕೋಣೇಲಿ ಗೋಡೆಯಷ್ಟಗಲ ಇದೆ ಡಾಕ್ಟ್ರೇ. ಅದರ ಮುಂದೆ ನಿಮ್ಮ ಪ್ಯಾಂಟುಗಳು ನಿಂತಿವೆ."

"ನನ್ನ ಪ್ಯಾಂಟಾ?"

"ನೀವು ಹೊಲಿಸಿದ್ದರಲ್ಲಿ ಮಿಕ್ಕಿದ್ದು. ಹದಿನೆಂಟು ವರ್ಷದ್ದು."

ಡಾಕ್ಟರು ನನ್ನ ಕಡೆ ಬಹಳ ಹೊತ್ತು ನೋಡಿದರು. ಟಾರ್ಚು ಬಿಡದೆಯೇ.

ದಾರಿಯಲ್ಲಿ ದೊಡ್ಡ ಬಲ್ಬಿಗೆ ಎಷ್ಟೆಂದು ವಿಚಾರಿಸಿಕೊಂಡು ಬಂದೆ.

ಡಿಸೆಂಬರ್ 10

ದೊಡ್ಡ ಬಲ್ಬು ತಂದು ಹಾಕಿದೆ. ಅವಳ ಕೈಯ ನೆರಳು ಅವಳ ಕೈಯ ಮೇಲೆಯೇ ಬೀಳುತ್ತದೆ. ಬೀದಿಬಾಗಿಲಲ್ಲಿ ಕೂರಿಸಿದೆ. ಹೋಗಿಬರುವವರೆಲ್ಲ ಅವಳ ಹತ್ತಿರ ದಾರಿ ಕೇಳಿದರು, ಕಪ್ಪು ಕೋಟಿನ ಮೇಲೆ ಧೂಳು ಕೂತು ಬೂದು ಕೋಟಾಯಿತು. ಕನ್ನಡಿ ಇಟ್ಟು ಬೆಳಕನ್ನು ತಿರುಗಿಸಿ ನೋಡಿದೆ. ಎದುರಂಗಡಿಯವನು ಕಣ್ಣಿಗೆ ಹೊಡೆಯುತ್ತದೆಂದು ಜಗಳಕ್ಕೆ ಬಂದ.

"ಭಾವ, ಇಷ್ಟೆಲ್ಲ ಸರ್ಕಸ್ ಯಾಕೆ?" ಎಂದಳು. "ಇನ್ನು ಇಪ್ಪತ್ತು ದಿನ. ಹೇಗೋ ಕಳೀತೀನಿ."

ಕಿಟಕಿಯ ಮಾತೆತ್ತಲಿಲ್ಲ. ಎತ್ತಿದ್ದರೆ ಬಯ್ಯಬಹುದಿತ್ತು.

ಡಿಸೆಂಬರ್ 13

ಟ್ರಂಕಿನ ಬಟ್ಟೆ ಏನಾಗಿದೆಯೋ ನೋಡಿ ಬರೋಣವೆಂದು ಶಾಲೆಗೆ ಹೋದೆ. ಅಭ್ಯಾಸ ನಡೆಯುತ್ತಿತ್ತು. ಸಾಹುಕಾರನ ಪಾತ್ರಕ್ಕೆ ಡ್ರಿಲ್ ಮಾಸ್ತರು, ಅವರ ಕೋಟಿಗೆ ಅಳತೆಯನ್ನೂ ತೆಗೆದುಕೊಂಡೆ. ಉಗ್ರಾಣದ ಬಾಗಿಲು ತೆರೆದ ಕೂಡಲೆ ಮನುಷ್ಯ ಎರಡೂ ಕೈ ಚಾಚಿ, "ತಗೊಳ್ಳಿ, ಎಲ್ಲಾ ತಗೊಳ್ಳಿ!" ಎಂದು ಕವಾಯತಿಗೆ ಆಜ್ಞೆ ಕೊಟ್ಟಂತೆ ಅರಚಿದರು.

ನನಗೆ ತಡೆಯಲಾಗಲಿಲ್ಲ. "ಹಂಗಲ್ಲ ಮಾಸ್ತರೇ! ಅಂಥವನು ಎಲ್ಲಾ ಅನ್ನಲ್ಲ. ಒಂದು ತುಂಡು ತೆಗೀತಾನೆ. ತೂಕ ನೋಡ್ತಾನೆ. ಅದನ್ನಿಟ್ಟು ಅದಕ್ಕಿಂತ ಸಣ್ಣದು ತೆಗೀತಾನೆ. ಕೊಡುವಾಗ 'ಇದಕ್ಕೆ ಹುಳ ಬಿದ್ದಿದೆ, ಅದಕ್ಕೇ ಕೊಡ್ತಿದೀನಿ' ಅಂತಾನೆ. ಎರಡು ಹೆಜ್ಜೆ ಹೋಗಿ ತಿರುಗಿ ನೋಡ್ತಾನೆ, ತಗೊಂಡವನು ಸರಿಯಾಗಿ ಹಿಡಿದಿದಾನೋ ಇಲ್ಲವೋ ಅಂತ."

ಮೇಡಂ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. "ಆಮೇಲೆ?"

"ಆಮೇಲೆ ಮನೆಗೆ ಹೋಗಿ ಹೊಟ್ಟೆ ಉರಿದುಕೊಳ್ತಾನೆ. ಮಾರನೇ ದಿನ ಇನ್ನೊಂದು ಕೊಡ್ತಾನೆ. ಯಾಕೆ ಅಂತ ಅವನಿಗೂ ಗೊತ್ತಿರಲ್ಲ."

"ಇದೆಲ್ಲ ನಿಮಗೆ ಹೇಗೆ ಗೊತ್ತು ಯಜಮಾನ್ರೇ?"

"ಗಿರಾಕಿಗಳನ್ನ ನೋಡೀ ನೋಡೀ," ಎಂದೆ. ನಲವತ್ತೊಂದು ವರ್ಷ ಜನರ ಅಳತೆ ತೆಗೆದವನಿಗೆ ಇಷ್ಟೂ ತಿಳಿಯುವುದಿಲ್ಲವೇ? ಡ್ರಿಲ್ ಮಾಸ್ತರು ನನ್ನ ಹಾಗೆಯೇ ಬೆನ್ನು ಸ್ವಲ್ಪ ಬಗ್ಗಿಸಿ ನಡೆಯಲು ಕಲಿಯುತ್ತಿದ್ದಾರೆ. ಯಾಕೋ ತಿಳಿಯದು.

ಡಿಸೆಂಬರ್ 16

ನಾಟಕದಲ್ಲಿ ಊರವರ ಸಂಖ್ಯೆ ಹೆಚ್ಚಾಗಿದೆಯಂತೆ, ಮೇಡಂ ಇನ್ನೊಂದು ಟ್ರಂಕು ಕೇಳಿ ಕಳಿಸಿದರು. ಕೊಡುವ ಮುಂಚೆ ಒಮ್ಮೆ ನೋಡಿಬಿಡೋಣ, ಒಳ್ಳೆಯದನ್ನು ತೆಗೆದಿಟ್ಟುಕೊಳ್ಳೋಣ ಎಂದು ಒಳಕೋಣೆಗೆ ಹೋದೆ. ಹಸಿರು ಟ್ರಂಕನ್ನು ಬಾಗಿಲ ಬೆಳಕಿಗೆ ಎಳೆದು ತೆರೆದೆ. ತುಂಡುಗಳೆಲ್ಲ ಮಡಿಸಿ ಜೋಡಿಸಿದ್ದವು. ನಾನು ಎಂದೂ ಮಡಿಸಿದವನಲ್ಲ. ಒಳಗೆಸೆದು ಮುಚ್ಚಳ ಒತ್ತುವುದಷ್ಟೇ ನನ್ನ ಕೆಲಸ.

ಪ್ರತಿ ತುಂಡಿಗೂ ಗುಂಡುಪಿನ್ನು, ಪಿನ್ನಿಗೊಂದು ಚೀಟಿ, ಚೀಟಿಯಲ್ಲಿ ನನ್ನವಳ ಅಕ್ಷರ.

'ಒಂದು ವರ್ಷದ ಮಗುವಿಗೆ ಅಂಗಿ ಆಗುತ್ತೆ.' 'ಎರಡು ದಿಂಬು.' 'ಶಾಲೆ ಚೀಲ, ಅಸ್ತರು ಬೇರೆ ಹಾಕಬೇಕು.' 'ಡಾಕ್ಟರ ಪ್ಯಾಂಟಿನದು, ಹುಡುಗನ ಚಡ್ಡಿ, ಕಿಸೆ ಒಂದೇ.' 'ಇದು ಏನೂ ಆಗಲ್ಲ, ಆದರೂ ಬಣ್ಣ ಚೆಂದ.'

ಎಷ್ಟು ಚೀಟಿಗಳೋ. ಸಂಜೆಯವರೆಗೆ ಓದಿದೆ. ಇದನ್ನೆಲ್ಲ ಯಾವಾಗ ಬರೆದಳು? ನಾನು ಮುಂದಿನ ಕೋಣೆಯಲ್ಲೇ ಇದ್ದೆನಲ್ಲ. ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದಳೋ ಏನೋ. ಮಿಷನ್ನಿನ ಸದ್ದಿನಲ್ಲಿ ಎಷ್ಟೋ ಮಾತು ಕೇಳಿಸುವುದಿಲ್ಲ.

ಕಾಜಾ ಬಂದು ಬಾಗಿಲಲ್ಲಿ ನಿಂತಳು. "ಸಿಕ್ತಾ?"

"ನಿನಗೆ ಗೊತ್ತಿತ್ತಾ?"

"ಪಿನ್ನು ಚುಚ್ಚಿದ್ದು ನಾನೇ ಭಾವ."

ಒಳ್ಳೆಯದನ್ನು ತೆಗೆದಿಟ್ಟುಕೊಳ್ಳಲು ಮರೆತೆ. ಟ್ರಂಕು ಹಾಗೆಯೇ ಶಾಲೆಗೆ ಹೋಯಿತು. ಅದಿದ್ದ ಕಡೆ ಕಿಟಕಿಯ ಮೇಲಿನ ಗಾಜು ಒಂದು ಗೇಣು ಕಾಣುತ್ತಿದೆ.

ಡಿಸೆಂಬರ್ 18

ಮತ್ತೆರಡು ಟ್ರಂಕು ಕಳಿಸಿದೆ. ಮೇಡಂ ಕೇಳಿರಲಿಲ್ಲ. ನಾಟಕ ಮುಗಿದ ಮೇಲೂ ಅವರ ಶಾಲೆಯ ಹೊಲಿಗೆ ತರಗತಿಯ ಮಕ್ಕಳಿಗೆ ಕೈ ತಿದ್ದಲು ಬಟ್ಟೆ ಬೇಕಾಗುತ್ತದಂತೆ. ಇಲ್ಲಿದ್ದರೆ ಇಲಿ ತಿನ್ನುತ್ತದೆ. ಇಲ್ಲಿಯವರೆಗೆ ಇಲಿ ಬಂದಿಲ್ಲ, ಆದರೆ ಬರುವುದಿಲ್ಲವೆಂದು ಬರೆದುಕೊಟ್ಟಿಲ್ಲವಲ್ಲ.

ಡಿಸೆಂಬರ್ 20

ಬೂದು ಪಟ್ಟೆಯ ಸೂಟಿನ ತುಂಡು ನೆನಪಾಗಿ ನಿದ್ದೆ ಬರಲಿಲ್ಲ. ಅಂಥ ನೇಯ್ಗೆ ಈಗ ಎಲ್ಲಿದೆ? ಬೆಳಗ್ಗೆ ಶಾಲೆಗೆ ಹೋಗಿ, ಅಂಗಿಯೊಳಗೆ ಇಟ್ಟುಕೊಂಡು ವಾಪಸ್ಸು ತಂದೆ. ಯಾರೂ ನೋಡಲಿಲ್ಲ.

ಡಿಸೆಂಬರ್ 21

ವಾಪಸ್ಸು ಇಡಲು ಹೋದೆ. ಎಲ್ಲರೂ ನೋಡಿದರು.

ಡಿಸೆಂಬರ್ 24

ನಾಟಕ. ಶಾಲೆಯ ಅಂಗಳ ತುಂಬಿತ್ತು. ಕಾಜಾ ನನ್ನ ಪಕ್ಕದಲ್ಲಿ, ಡಾಕ್ಟರು ಹಿಂದಿನ ಸಾಲಿನಲ್ಲಿ. ತೆರೆ ಸರಿದರೆ ರಂಗದ ಮೇಲೆ ನನ್ನ ಇಡೀ ಜನ್ಮದ ಬಟ್ಟೆ ನಡೆದಾಡುತ್ತಿತ್ತು. ಅಗೋ ಮದುವೆ ಕೋಟಿನದು, ಅಗೋ ವಕೀಲರದು, ಅಗೋ ಡಾಕ್ಟರ ಪ್ಯಾಂಟು ಒಬ್ಬ ಚೋಟುದ್ದದ ಊರಗೌಡನ ಮೈಮೇಲೆ.

ಡ್ರಿಲ್ ಮಾಸ್ತರು ಬೆನ್ನು ಬಗ್ಗಿಸಿಕೊಂಡು, ಕಿವಿಯ ಮೇಲೆ ಸೀಸದ ಕಡ್ಡಿ ಸಿಕ್ಕಿಸಿಕೊಂಡು ಬಂದರು. ಸೌದೆ ವ್ಯಾಪಾರಿಗೆ ಸೀಸದ ಕಡ್ಡಿ ಯಾಕೆ? ಮೇಡಂ ಎಡವಿದ್ದಾರೆ, ಆಮೇಲೆ ಹೇಳಬೇಕು. ಒಂದು ತುಂಡು ಸೌದೆ ತೆಗೆದರು, ತೂಗಿ ನೋಡಿದರು, ಅದನ್ನಿಟ್ಟು ಸಣ್ಣದು ತೆಗೆದರು. "ಹುಳ ಬಿದ್ದಿದೆ, ಅದಕ್ಕೇ ಕೊಡ್ತಿದೀನಿ!" ಅಂಗಳವೇ ಬಿದ್ದು ಬಿದ್ದು ನಕ್ಕಿತು. ನಗುತ್ತ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಸಾಹುಕಾರನ ಕೋಟು ಹೊಲಿದವನು ನಾನೇ ಎಂದು ಗೊತ್ತಾಗಿರಬೇಕು. ನಿಜಕ್ಕೂ ಭುಜ ಚೆನ್ನಾಗಿ ಕೂತಿತ್ತು. ನಾನು ತಲೆ ಬಾಗಿಸಿ ವಂದಿಸಿದೆ. ಇನ್ನೂ ಜೋರಾಗಿ ನಕ್ಕರು. ಕಾಜಾ ಸೆರಗು ಬಾಯಿಗೆ ತುರುಕಿಕೊಂಡು ಕಣ್ಣೀರು ಸುರಿಸುತ್ತಿದ್ದಳು.

ಆದರೆ ಆ ಸಾಹುಕಾರ ಮಾರನೇ ದಿನ ಇನ್ನೊಂದು ತುಂಡು ಹಿಡಿದು ಬಂದು, ಬಾಗಿಲಲ್ಲಿ ನಿಂತು, ಯಾಕೆ ಬಂದೆನೆಂದು ತಿಳಿಯದೆ ಸುಮ್ಮನೆ ನೋಡಿದಾಗ ಯಾರೂ ನಗಲಿಲ್ಲ. ನಾನು ಟವೆಲಿನಿಂದ ಮುಖ ಒರೆಸಿಕೊಂಡೆ. ಅಂಗಳದಲ್ಲಿ ಧೂಳು ಬಹಳ.

ಕೊನೆಗೆ ಮೇಡಂ ಬಂದು, "ಯಜಮಾನ್ರೇ, ಬಟ್ಟೆಗಳನ್ನ ನಾಳೆ ವಾಪಸ್ ಕಳಿಸ್ತೀನಿ" ಎಂದರು.

"ಒಗೆಯದೆ ಕಳಿಸ್ತೀರಾ? ಯಾರಿಗೆ ಬೇಕು? ನೀವೇ ಇಟ್ಕೊಳ್ಳಿ," ಎಂದು ಗದರಿಬಿಟ್ಟೆ. ಗದರಬಾರದಿತ್ತು.

ಡಿಸೆಂಬರ್ 27

ಅಣ್ಣನ ಮನೆಯಲ್ಲಿ ಕೋಣೆ ನೋಡಿಬರಲು ಕಾಜಾ ನಾಲ್ಕು ದಿನ ರಜೆ ಹಾಕಿ ಹೋಗಿದ್ದಾಳೆ. ತನ್ನ ಸೂಜಿಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿಟ್ಟು ಹೋಗಿದ್ದಾಳೆ. ಮುಚ್ಚಿದ ಡಬ್ಬಿ ನೋಡುತ್ತ ಕೂತರೆ ಕೈಗೆ ಕೆಲಸ ಹತ್ತದು.

ಒಳಕೋಣೆಯಲ್ಲಿ ಉಳಿದದ್ದು ಒಂದೇ ಸಾಲು, ಕಿಟಕಿಗೆ ಒತ್ತಿಕೊಂಡು ನಿಂತ ಏಳು ಗಂಟು. ನನ್ನ ಆಯ್ದ ಮಾಲು. ಒಂದನ್ನು ಸರಿಸಿದರೆ ಉಳಿದದ್ದು ಬೀಳುತ್ತದೆ, ಆದ್ದರಿಂದ ಏಳನ್ನೂ ಸರಿಸಬೇಕಾಯಿತು. ಹೊರಗೆ ತಂದ ಮೇಲೆ ಒಳಗೆ ಒಯ್ಯಲು ಸೊಂಟ ಕೇಳಲಿಲ್ಲ. ಬೀದಿಯಲ್ಲಿ ಶಾಲೆಯ ತಳ್ಳುಗಾಡಿ ಖಾಲಿ ಹೋಗುತ್ತಿತ್ತು. ಇಷ್ಟೇ ನಡೆದದ್ದು. ಇದಕ್ಕೆ ಯಾರೂ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ.

ಡಿಸೆಂಬರ್ 28

ಚಿಲಕ ತುಕ್ಕು ಹಿಡಿದು ಗೋಡೆಯೊಡನೆ ಒಂದಾಗಿತ್ತು. ಮಿಷನ್ನಿನ ಎಣ್ಣೆ ಬಿಟ್ಟೆ, ಸುತ್ತಿಗೆಯಿಂದ ಬಡಿದೆ, ಬೈದೆ. ಬೈದ ಮೇಲೆ ಬಂತು. ಬೆಳಕು ನುಗ್ಗಿದ ರಭಸಕ್ಕೆ ಹಿಂದಕ್ಕೆ ಸರಿದು ನಿಂತೆ. ಈ ಕೋಣೆಯ ಗೋಡೆ ನೀಲಿ ಎಂಬುದೇ ನನಗೆ ನೆನಪಿರಲಿಲ್ಲ.

ಡಿಸೆಂಬರ್ 31

ಬೆಳಗ್ಗೆ ಅವಳು ಡಬ್ಬಿ ತೆಗೆದುಕೊಳ್ಳಲು ಬಂದಳು. ಅಣ್ಣ ಬೀದಿಯಲ್ಲಿ ಆಟೋ ನಿಲ್ಲಿಸಿಕೊಂಡಿದ್ದ. ಡಬ್ಬಿಯನ್ನು ನಾನು ಕಿಟಕಿಯ ಹತ್ತಿರ ಇಟ್ಟಿದ್ದೆ. ತರಲು ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ.

ಹೋಗಿ ನೋಡಿದರೆ ಕೋಣೆಯ ನಡುವೆ ನಿಂತಿದ್ದಾಳೆ, ಬೇರೆಯವರ ಮನೆಗೆ ಬಂದವಳ ಹಾಗೆ.

"ಎಲ್ಲಿ ಹೋಯ್ತು ಎಲ್ಲಾ?"

"ಇಲಿ ತಿಂತು."

"ಟ್ರಂಕು ಸಮೇತ?"

"ಒಂದು ಕಾಜಾ ಬಾಕಿ ಇದೆ, ಹಾಕಿ ಹೋಗು," ಎಂದು ಕೋಟು ಕೊಟ್ಟೆ. ಕಿಟಕಿಯ ಕೆಳಗೆ ಮಣೆ ಹಾಕಿದ್ದೆ. ಕೂತಳು. ದಾರವನ್ನು ಒಂದೇ ಸಲಕ್ಕೆ ಪೋಣಿಸಿದಳು. ಸೂಜಿ ಹೋಗಿ ಬಂದು ಹೋಗಿ ಬಂದು, ಗೆರೆ ಎಳೆದ ಹಾಗೆ. ಅಣ್ಣ ಎರಡು ಸಲ ಹಾರ್ನು ಬಾರಿಸಿದ. ಇರು ಅನ್ನಬೇಕಿತ್ತು. ಇಂಗ್ಲಿಷಿನಲ್ಲಿ ಪ್ಲೀಸ್ ಎಂಬ ಒಂದು ಮಾತಿದೆ, ಎಲ್ಲಿ ಬೇಕಾದರೂ ಹಾಕಬಹುದು. ಅದೂ ಬಾಯಿಗೆ ಬರಲಿಲ್ಲ.

"ಕಿಟಕಿಗೆ ಅಡ್ಡ ನಿಂತಿದೀರ ಭಾವ, ಸರೀರಿ," ಎಂದಳು. ಸರಿದೆ.

ಕಾಜಾ ಮುಗಿಸಿ, ದಾರ ಕಡಿದು, ಕೋಟು ಮಡಿಸಿಟ್ಟು ಎದ್ದಳು. "ಬರ್ತೀನಿ," ಎಂದಳು. ಆಟೋ ಹೋಯಿತು. ಡಬ್ಬಿಯೂ ಹೋಯಿತು.

ಮೇಡಂ ಬರೆದ ನಾಟಕದಲ್ಲಿ ಕೊಟ್ಟ ಮೇಲೆ ಎಲ್ಲ ಸರಿಹೋಗುತ್ತದೆ. ನೋಡಿದಿರಾ, ನಾನು ಹೇಳಿದ್ದೇ ನಿಜ: ನೆಗಡಿ ಆಗುತ್ತದೆ, ಅಷ್ಟೆ.

ಜನವರಿ 1

ಡೈರಿಯ ಹಾಳೆ ನಿನ್ನೆಗೆ ಮುಗಿಯಿತು. ಹೊಸ ನೋಟುಬುಕ್ಕು ಕೊಂಡೆ. ಬರೆಯಲು ಏನೂ ಇಲ್ಲ. ಅಂಗಡಿ ಬಹಳ ಬೆಳಕಾಗಿದೆ, ಅಷ್ಟೆ. ಒಬ್ಬನಿಗೆ ಇಷ್ಟೊಂದು ಬೇಡ.

ಜನವರಿ 2

ಬೀಗ ತೆಗೆಯಲು ಹೋದರೆ ಜಗಲಿಯ ಮೇಲೆ ಕಾಜಾ ಕೂತಿದ್ದಳು, ತೊಡೆಯ ಮೇಲೆ ಡಬ್ಬಿ.

"ಅಣ್ಣನ ಮನೇಲಿ ಅಡುಗೆಮನೆ ಪಕ್ಕದ ಕತ್ತಲೆ ಕೋಣೆ ಕೊಟ್ಟಿದಾರೆ," ಎಂದಳು. "ನಮ್ಮ ಟ್ಯೂಬ್‌ಲೈಟೇ ವಾಸಿ." ಮತ್ತೇನೂ ಹೇಳದೆ ಒಳಗೆ ಹೋಗಿ ಮಣೆಯ ಮೇಲೆ ಕೂತಳು. ಎಷ್ಟು ದಿನಕ್ಕೆ ಬಂದಿದ್ದಾಳೆಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ.

ಹತ್ತು ಗಂಟೆಗೆ ಶುರುವಾಯಿತು. "ಭಾವ, ಬಿಸಿಲು ಮುಖಕ್ಕೇ ಹೊಡೀತಿದೆ. ಹೀಗಾದ್ರೆ ಮನುಷ್ಯರು ಕೂರೋದು ಹೇಗೆ? ಒಂದು ಪರದೆ ಹಾಕಿ."

ಪರದೆಗೆ ಬಟ್ಟೆ ಹುಡುಕಿದೆ. ಅಂಗಡಿಯಲ್ಲಿ ನನ್ನದೆನ್ನುವ ಒಂದು ಗೇಣು ಬಟ್ಟೆ ಇಲ್ಲ! ಜವಳಿ ಅಂಗಡಿಗೆ ಹೋಗಿ, ನಲವತ್ತೊಂದು ವರ್ಷದಲ್ಲಿ ಮೊದಲ ಸಲ, ಬಟ್ಟೆ ಕೊಂಡೆ. ಥಾನು ಮುಗಿಯುತ್ತ ಬಂದಿತ್ತು. ಅಂಗಡಿಯವನು ಹಲ್ಲು ಕಿರಿದು, "ಕೊನೆ ತುಂಡು ಉಳೀತು, ಸುಮ್ನೆ ತಗೊಳ್ಳಿ. ನಿಮಗಲ್ದೆ ಇನ್ಯಾರಿಗೆ ಕೊಡಲಿ?" ಎಂದ.

"ಬೇಡಪ್ಪ, ಇಡೋಕೆ ಜಾಗ ಇಲ್ಲ," ಎಂದೆ. ಯಾಕೆ ಹಾಗೆಂದೆನೋ ದೇವರಿಗೇ ಗೊತ್ತು. ಕೋಣೆಗೆ ಕೋಣೆಯೇ ಖಾಲಿ ಬಿದ್ದಿದೆ.

ಮಧ್ಯಾಹ್ನಕ್ಕೆ ಹೊಲಿದು ತೂಗುಹಾಕಿದೆ. ತಿಳಿಹಳದಿ, ನನಗೇನೋ ಚೆನ್ನಾಗಿ ಕಂಡಿತು. ಕಾಜಾ ಕನ್ನಡಕ ಮೇಲೇರಿಸಿ, ಆ ಕಡೆಯಿಂದ ನೋಡಿ, ಈ ಕಡೆಯಿಂದ ನೋಡಿ ಮುಖ ಸಿಂಡರಿಸಿದಳು.

"ಥೂ, ಇದೇನು ಬಣ್ಣ ಭಾವ? ವರ್ಷವೆಲ್ಲ ಇದನ್ನ ನೋಡ್ಕೊಂಡು ಕೂರಬೇಕಾ ನಾನು?"

ವರ್ಷವೆಲ್ಲ ಎಂದಳು.

ಬಣ್ಣದ ಬಗ್ಗೆ ನಾನು ಜಗಳಕ್ಕೆ ಹೋಗಲಿಲ್ಲ.